ಮಾಗಡಿಯ ಅವರೆ, ಕೋಲಾರದ ಟೊಮೆಟೊ

ಚಳಿಗಾಲದಲ್ಲಿ ಬೆಂಗಳೂರಿನ ಮಾರುಕಟ್ಟೆಗೆ ಮಾಗಡಿ ಅವರೆ ಬಂದಾಗ ನಾನು ಮೊದಲು ಒಂದು ಕಾಯಿಯನ್ನು ಕೈಗೆತ್ತಿಕೊಂಡು ಮೂಸಿ ನೋಡುತ್ತೇನೆ. ಸಿಪ್ಪೆಯ ಜಿಡ್ಡು ಬೆರಳಿಗೆ ಅಂಟಿ, ಸೊಗಡು ಮೂಗಿಗೆ ಬಡಿದರೆ, ಇಬ್ಬನಿ ಬಿದ್ದ ಹೊಲದಿಂದ ಅದು ಬಂದು ಹೆಚ್ಚು ಹೊತ್ತಾಗಿಲ್ಲವೆಂದು ತಿಳಿಯುತ್ತದೆ. ಹತ್ತಿರದಲ್ಲಿ ಬೆಳೆದದ್ದನ್ನು ಕೊಳ್ಳುವುದು ಪರಿಸರಕ್ಕೆ ಒಳ್ಳೆಯದೆಂಬ ಮಾತನ್ನು ಬಹಳ ಕಾಲ ನಾನು ಲಾರಿಯ ಡೀಸೆಲ್ ಲೆಕ್ಕದಲ್ಲಷ್ಟೇ ಅರ್ಥಮಾಡಿಕೊಂಡಿದ್ದೆ.

ಆ ಲೆಕ್ಕ ಸಾಲದು. ಅಮೆರಿಕದ ಕುಟುಂಬಗಳ ಆಹಾರವನ್ನು ಕುರಿತು 2008ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಆಹಾರದಿಂದ ಹೊಮ್ಮುವ, ಭೂಮಿಯನ್ನು ಕಾಯಿಸುವ ಹಸಿರುಮನೆ ಅನಿಲಗಳಲ್ಲಿ ಸಾಗಣೆಯ ಪಾಲು ಶೇ. 11 ಮಾತ್ರ, ಶೇ. 83ರಷ್ಟು ಬೆಳೆಯುವ ಹಂತದಲ್ಲೇ ಹೊಮ್ಮುತ್ತದೆ. ನಮ್ಮ ದೇಶದ ಅಂಕಿಗಳು ಬೇರೆಯಿದ್ದೀತು, ಆದರೂ ಹೊಲದಲ್ಲಿ ಏನು ನಡೆಯುತ್ತದೆಂದು ಕೇಳದೆ ದೂರವನ್ನಷ್ಟೇ ಅಳೆಯುವುದು ಸರಿಯಲ್ಲವೆಂದು ನನಗೆ ಮನವರಿಕೆಯಾಯಿತು.

ಕೋಲಾರದ ಟೊಮೆಟೊವನ್ನೇ ನೋಡಿ. ಬೆಂಗಳೂರಿಗೆ ಅದು ಸುಮಾರು 70 ಕಿಲೋಮೀಟರ್ ದೂರದ ಬೆಳೆ. ಆದರೆ ವರ್ಷವಿಡೀ ಹರಿಯುವ ನದಿಯಿಲ್ಲದ ಆ ಜಿಲ್ಲೆಯಲ್ಲಿ ಎಷ್ಟೋ ಕೊಳವೆಬಾವಿಗಳು 1000 ಅಡಿಗಿಂತ ಆಳಕ್ಕಿಳಿದಿವೆ. ಅಷ್ಟು ಆಳದಿಂದ ನೀರೆತ್ತಲು ವಿದ್ಯುತ್ ಬೇಕು, ಬೇಗನೆ ಮತ್ತೆ ತುಂಬಿಕೊಳ್ಳದ ಅಂತರ್ಜಲವೂ ಖರ್ಚಾಗುತ್ತದೆ. ಇದರಲ್ಲಿ ರೈತರ ತಪ್ಪಿಲ್ಲ, ನಗರದ ನಾವು ವರ್ಷದ ಹನ್ನೆರಡು ತಿಂಗಳೂ ಟೊಮೆಟೊ ಬೇಡುತ್ತೇವೆ.

ಅದೇ ಸೀಮೆಯ ರಾಗಿ ಹೊಲದ ಕಥೆಯೇ ಬೇರೆ. ಮಳೆಯನ್ನೇ ನಂಬಿ ಬಿತ್ತಿದ ರಾಗಿಯ ನಡುನಡುವೆ ಅವರೆ, ತೊಗರಿ, ಹುಚ್ಚೆಳ್ಳಿನ ಅಕ್ಕಡಿ ಸಾಲುಗಳಿರುತ್ತವೆ. ಅವರೆ, ತೊಗರಿಯ ಗಿಡವನ್ನು ಹುಷಾರಾಗಿ ಕಿತ್ತು ನೋಡಿದರೆ ಬೇರಿನಲ್ಲಿ ಸಾಸಿವೆ ಕಾಳಿನಂಥ ಗಂಟುಗಳು ಕಾಣುತ್ತವೆ. ಅವುಗಳೊಳಗಿನ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುವುದರಿಂದ ಯೂರಿಯಾದ ಅಗತ್ಯ ಕಡಿಮೆಯಾಗುತ್ತದೆ. ಇದು ಸಣ್ಣ ಸಂಗತಿಯಲ್ಲ, ಏಕೆಂದರೆ ಯೂರಿಯಾ ತಯಾರಿಕೆಗೆ ನಮ್ಮಲ್ಲಿ ನೈಸರ್ಗಿಕ ಅನಿಲ ಖರ್ಚಾಗುತ್ತದೆ, ಹೊಲಕ್ಕೆ ಹಾಕಿದ ಮೇಲೆ ಅದರಿಂದ ಹೊಮ್ಮುವ ನೈಟ್ರಸ್ ಆಕ್ಸೈಡ್ ಇಂಗಾಲದ ಡೈಆಕ್ಸೈಡ್‌ಗಿಂತ ತೂಕಕ್ಕೆ ತೂಕ ಸುಮಾರು 270 ಪಟ್ಟು ಹೆಚ್ಚು ಭೂಮಿಯನ್ನು ಕಾಯಿಸುತ್ತದೆ. ನೀರು ನಿಲ್ಲಿಸಿ ಬೆಳೆಯುವ ಭತ್ತದ ಗದ್ದೆಯಿಂದ ಏಳುವ ಮೀಥೇನ್ ಕೂಡ ರಾಗಿಯ ಒಣ ಹೊಲದಲ್ಲಿ ಏಳುವುದಿಲ್ಲ.

ವಿಮಾನದಲ್ಲಿ ಬರುವ ಹಣ್ಣು ತರಕಾರಿಗಳ ವಿಷಯದಲ್ಲಿ ಮಾತ್ರ ದೂರವೇ ದೊಡ್ಡ ಹೊರೆ. ಅವನ್ನು ನಾನು ಕೊಳ್ಳುವುದಿಲ್ಲ.

ಈಗ ನಮ್ಮ ಮನೆಯಲ್ಲಿ ವಾರಕ್ಕೆ ನಾಲ್ಕು ದಿನ ರಾಗಿ ಮುದ್ದೆಯಾಗುತ್ತದೆ. ಟೊಮೆಟೊ ಕಡಿಮೆಯಾದಾಗ ಸಾರಿನ ಹುಳಿಗೆ ಹುಣಸೆಹಣ್ಣು ಬೀಳುತ್ತದೆ. ಸೊಗಡು ಇಳಿದ ಮೇಲೆ ಅವರೆಕಾಯಿ ತರುವುದನ್ನು ನಿಲ್ಲಿಸಿ, ಒಣಗಿಸಿಟ್ಟ ಹುರುಳಿ, ಅಲಸಂದೆಯ ಡಬ್ಬಿಗಳನ್ನು ತೆರೆಯುತ್ತೇವೆ.