ನನ್ನ ಟ್ಯಾಕ್ಸ್ ದುಡ್ಡಲ್ಲಿ ಬೇರೆಯವರ ಮಕ್ಕಳು ಯಾಕೆ ಓದಬೇಕು?

ಶಿವಮೊಗ್ಗದಲ್ಲಿ ಕೂತು ಊರವರ ಇನ್‌ಕಂ ಟ್ಯಾಕ್ಸ್ ರಿಟರ್ನ್ ತುಂಬಿಕೊಡುವುದು ನನ್ನ ಕಸುಬು. ಜುಲೈನಲ್ಲಿ ಫಾರ್ಮ್ 16 (ಸಂಬಳ, ಅದರಲ್ಲಿ ಹಿಡಿದ ತೆರಿಗೆ ತೋರಿಸುವ ಪತ್ರ) ಹಿಡಿದು ಬರುವವರು ಕಟ್ಟಿದ ತೆರಿಗೆಯ ಮೊತ್ತ ನೋಡುತ್ತಲೇ ಕೇಳುವ ಪ್ರಶ್ನೆ ಒಂದಿದೆ: “ಅಲ್ಲ ಸಾರ್, ನನ್ನ ಮಗನ ಪ್ರೈವೇಟ್ ಕಾಲೇಜಿಗೆ ಲಕ್ಷಗಟ್ಟಲೆ ಸುರಿದಿದ್ದೀನಿ. ಅದರ ಮೇಲೆ ಬೇರೆಯವರ ಮಕ್ಕಳ ಡಿಗ್ರಿಗೂ ನಾನೇ ಯಾಕೆ ಕೊಡಬೇಕು?” 2019ರಲ್ಲಿ ದೆಹಲಿಯ ಜೆಎನ್‌ಯು ವಿಶ್ವವಿದ್ಯಾಲಯದಲ್ಲಿ ಹಾಸ್ಟೆಲ್ ಕೋಣೆಯ ಬಾಡಿಗೆಯನ್ನು ತಿಂಗಳಿಗೆ 20 ರೂಪಾಯಿಯಿಂದ 600ಕ್ಕೆ ಏರಿಸಲು ಹೊರಟು ಗಲಾಟೆಯಾಯಿತಲ್ಲ, ಆಗಿನಿಂದ ಈ ಪ್ರಶ್ನೆಯ ದನಿ ಇನ್ನೂ ಜೋರಾಗಿದೆ. ರಿಟರ್ನ್ ಗಡಿಬಿಡಿಯಲ್ಲಿ ವಾದಕ್ಕೆ ಪುರಸೊತ್ತು ಇರುವುದಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು, ದುಡ್ಡು ಯಾರದು ಅನ್ನೋದು. ನಿಮ್ಮ ಆದಾಯ ತೆರಿಗೆ ಹೋಗುವುದು ಕೇಂದ್ರಕ್ಕೆ. ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ಮೇಷ್ಟರ ಸಂಬಳ ಬರುವುದು ರಾಜ್ಯದ ಖಜಾನೆಯಿಂದ. ಕೇಂದ್ರದಿಂದ ರಾಜ್ಯಕ್ಕೆ ಪಾಲು ಬರುತ್ತದೆ ನಿಜ, ಆದರೆ ಖಜಾನೆ ತುಂಬಿಸುವ ದೊಡ್ಡ ಬಾಬ್ತುಗಳು ಜಿಎಸ್‌ಟಿ, ಅಬಕಾರಿ, ಪೆಟ್ರೋಲ್ ಡೀಸೆಲ್ ಮೇಲಿನ ಮಾರಾಟ ತೆರಿಗೆ, ಮುದ್ರಾಂಕ. ಅಬಕಾರಿಯೊಂದರಿಂದಲೇ ವರ್ಷಕ್ಕೆ 30,000 ಕೋಟಿ ಮೀರಿ ಬರುತ್ತದೆ. ಅದರಲ್ಲಿ ಸಂಜೆ ಗಾರೆ ಕೆಲಸ ಮುಗಿಸಿ ಕ್ವಾರ್ಟರ್ ಕೊಳ್ಳುವವನ ದುಡ್ಡೂ ಇದೆ. ಅವನು ಬೈಕಿಗೆ ಹಾಕಿಸುವ ಪೆಟ್ರೋಲ್ ಮೇಲೆ 2024ರ ಜೂನ್‌ನಲ್ಲಿ ರಾಜ್ಯ ತನ್ನ ತೆರಿಗೆಯನ್ನು ಶೇ. 29.84ಕ್ಕೆ ಏರಿಸಿತು. ಅವನ ಮಗಳು ಪಿಯುಸಿಗೇ ಓದು ಬಿಟ್ಟಳು ಅಂತಿಟ್ಟುಕೊಳ್ಳಿ. ಡಿಗ್ರಿ ಓದುವ ನಿಮ್ಮ ಅಣ್ಣನ ಮಗನಿಗೆ ಅವನೂ ಫೀಸು ಕಟ್ಟುತ್ತಿದ್ದಾನೆ, ರಸೀದಿ ಇಲ್ಲದೆ. ಅವನು ಬಂದು ಈ ಪ್ರಶ್ನೆ ಕೇಳಿದ್ದರೆ ನನಗೆ ಉತ್ತರ ಕೊಡುವುದು ಕಷ್ಟವಾಗುತ್ತಿತ್ತು. ಅವನು ನನ್ನ ಆಫೀಸಿಗೆ ಬರುವುದಿಲ್ಲ.

ಇನ್ನು ನಿಮ್ಮ ವಿಚಾರ. ಹಳೇ ಪದ್ಧತಿಯಲ್ಲಿ ರಿಟರ್ನ್ ಹಾಕುವವರಾದರೆ ಮಗನ ಟ್ಯೂಷನ್ ಫೀಸನ್ನು 80ಸಿ ಅಡಿ, ಅಂದರೆ ತೆರಿಗೆ ಹಾಕುವ ಮುಂಚೆ ಆದಾಯದಿಂದ ಒಂದೂವರೆ ಲಕ್ಷದವರೆಗೆ ಕಳೆಯಲು ಬಿಡುವ ಸೆಕ್ಷನ್ ಅಡಿ, ತೋರಿಸಿರುತ್ತೀರಿ. ಒಂದೂವರೆ ಲಕ್ಷ ಪೂರ್ತಿ ಅದರಲ್ಲೇ ತುಂಬಿದ್ದು, ನೀವು ಶೇ. 30ರ ಸ್ಲ್ಯಾಬ್‌ನಲ್ಲಿದ್ದರೆ, ತೆರಿಗೆಯ ಮೇಲೆ ಬೀಳುವ ಶೇ. 4 ಸೆಸ್ ಸೇರಿ ಉಳಿಯುವ ತೆರಿಗೆ 46,800 ರೂಪಾಯಿ. ಮಗಳು ಅಮೆರಿಕಕ್ಕೆ ಎಂಎಸ್ ಮಾಡಲು ಹೋಗಿದ್ದಾಳೆ, ನಿಮ್ಮ ಹೆಸರಲ್ಲಿ ನಲವತ್ತು ಲಕ್ಷ ಸಾಲ, ವರ್ಷಕ್ಕೆ ಬಡ್ಡಿಯೇ ನಾಲ್ಕು ಲಕ್ಷ ಅನ್ನಿ. ಶಿಕ್ಷಣ ಸಾಲದ ಬಡ್ಡಿಯನ್ನು ಆದಾಯದಿಂದ ಕಳೆಯಲು ಬಿಡುವ 80ಇ ಅಡಿ ಬಡ್ಡಿಗೆ ಮೇಲ್ಮಿತಿಯೇ ಇಲ್ಲ, ಎಂಟು ವರ್ಷ ತೋರಿಸಬಹುದು. ಅದೇ ಸ್ಲ್ಯಾಬ್‌ನಲ್ಲಿ ವರ್ಷಕ್ಕೆ 1,24,800 ಉಳಿತಾಯ. ಇದು ಸರ್ಕಾರ ಬಿಟ್ಟುಕೊಟ್ಟ ದುಡ್ಡು, ಅಂದರೆ ಸಾರ್ವಜನಿಕ ದುಡ್ಡೇ. ಬಜೆಟ್ ಭಾಷಣದಲ್ಲಿ ಇದನ್ನು ಸಬ್ಸಿಡಿ ಅಂತ ಓದುವುದಿಲ್ಲ, ಹಾಗಾಗಿ ಯಾರ ಕಣ್ಣಿಗೂ ಬೀಳುವುದಿಲ್ಲ. ಅದೇ ಗಾರೆ ಕೆಲಸದವನು ಮಗಳ ನರ್ಸಿಂಗ್‌ಗೆ ಸಾಲ ಮಾಡಿದರೆ 80ಇಯಿಂದ ಅವನಿಗೆ ಸಿಗುವುದು ಸೊನ್ನೆ. ಕಟ್ಟುವ ಆದಾಯ ತೆರಿಗೆಯೇ ಇಲ್ಲದವನಿಗೆ ಉಳಿಯುವುದೇನು? ಈ ಲೆಕ್ಕ ಕಂಪ್ಯೂಟರಿನಲ್ಲಿ ಮಾಡಿ ತೋರಿಸಿದರೆ ಬಂದವರು ಸುಮ್ಮನಾಗುತ್ತಾರೆ. ಕೆಲವರಿಗೆ ಸಿಟ್ಟೂ ಬರುತ್ತದೆ.

ಹೊಸ ಪದ್ಧತಿಯವರಿಗೆ ಇವೆರಡೂ ಇಲ್ಲ. ಅವರು ಬೇಕಾದರೆ ಸೆಸ್ ಬಗ್ಗೆ ಕೇಳಲಿ. ಪ್ರೌಢ ಮತ್ತು ಉನ್ನತ ಶಿಕ್ಷಣಕ್ಕೆಂದೇ 2007ರಲ್ಲಿ ಶೇ. 1 ಸೆಸ್ ಶುರುವಾಯಿತು. ಸುಮಾರು ಹತ್ತು ವರ್ಷದಲ್ಲಿ 83,000 ಕೋಟಿಗೂ ಹೆಚ್ಚು ವಸೂಲಾಗಿದ್ದು, ಅದನ್ನಿಡಲು ಪ್ರತ್ಯೇಕ ನಿಧಿಯನ್ನೇ ತೆರೆದಿರಲಿಲ್ಲ ಎಂದು 2017ರಲ್ಲಿ ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿ ಹೇಳಿತು. 2018ರಿಂದ ಅದು ಆರೋಗ್ಯದ ಜೊತೆ ಸೇರಿ ಶೇ. 4 ಆಗಿದೆ. ಸೆಸ್‌ನಲ್ಲಿ ರಾಜ್ಯಗಳಿಗೆ ಪಾಲು ಕೊಡಬೇಕಿಲ್ಲ. ನಿಮ್ಮ ಫಾರ್ಮ್ 16ರಲ್ಲಿ ಆ ಸಾಲು ಬೇರೆಯಾಗಿಯೇ ಇರುತ್ತದೆ, ನೋಡಿ.

ಆದರೆ ಸಂಬಳದವರ ಒಂದು ದೂರನ್ನು ನಾನು ಪೂರ್ತಿ ಒಪ್ಪುತ್ತೇನೆ. ಐಐಟಿಗಳಲ್ಲಿ 2016ರಲ್ಲಿ ಬಿಟೆಕ್ ಫೀಸು ವರ್ಷಕ್ಕೆ 90,000ದಿಂದ ಎರಡು ಲಕ್ಷವಾಯಿತು. ಕುಟುಂಬದ ಆದಾಯ ಒಂದು ಲಕ್ಷದೊಳಗಿದ್ದರೆ ಪೂರ್ತಿ ಮಾಫಿ, ಐದು ಲಕ್ಷದೊಳಗಿದ್ದರೆ ಮೂರನೇ ಎರಡು ಪಾಲು ಮಾಫಿ. ಏರ್ಪಾಡು ಚೆನ್ನಾಗಿದೆ. ಆದಾಯ ಎಷ್ಟು ಅಂತ ಹೇಳುವವರು ಯಾರು? ಹೈಸ್ಕೂಲ್ ಮೇಷ್ಟರ ಆದಾಯ ಫಾರ್ಮ್ 16ರಲ್ಲಿ ಪೈಸೆ ಸಮೇತ ಇರುತ್ತದೆ. ಅವರ ಪಕ್ಕದ ಮನೆಯವರಿಗೆ ಎಂಟು ಎಕರೆ ಅಡಿಕೆ ತೋಟ. ಕ್ವಿಂಟಲ್ ಅಡಿಕೆ ನಲವತ್ತು ಸಾವಿರ ದಾಟಿದ ವರ್ಷವೂ ಅವರ ಆದಾಯ ಪ್ರಮಾಣಪತ್ರ ಲಕ್ಷದ ಆಚೆ ಹೋಗುವುದಿಲ್ಲ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ, ಹಾಗಾಗಿ ರಿಟರ್ನ್ ಇಲ್ಲ, ರಿಟರ್ನ್ ಇಲ್ಲದ ಮೇಲೆ ತಾಳೆ ನೋಡಲು ಏನೂ ಇಲ್ಲ. ಇಬ್ಬರ ಮಕ್ಕಳೂ ಒಂದೇ ಬೆಂಚಿನಲ್ಲಿ ಕೂರುತ್ತಾರೆ, ಮೇಷ್ಟರ ಮಗ ಪೂರ್ತಿ ಫೀಸು ಕಟ್ಟುತ್ತಾನೆ. (ತೋಟದವರೂ ನನ್ನ ಕಕ್ಷಿದಾರರೇ, ಅದಕ್ಕೇ ಹೆಸರು ಹೇಳುತ್ತಿಲ್ಲ.) ಒಣಭೂಮಿ ಎರಡು ಎಕರೆ ಇಟ್ಟುಕೊಂಡು ಮಳೆ ಕಾಯುವವರ ಮಾತು ಬೇರೆ, ಅವರನ್ನು ಇದಕ್ಕೆ ಎಳೆಯಬಾರದು. ಪಹಣಿ ಕಂಪ್ಯೂಟರಿನಲ್ಲಿದೆ, ಯಾವ ಸರ್ವೆ ನಂಬರಿನಲ್ಲಿ ಯಾವ ಬೆಳೆ ಎಂಬುದೂ ಬೆಳೆ ಸಮೀಕ್ಷೆಯಲ್ಲಿದೆ. ಆದಾಯ ಪತ್ರ ಕೊಡುವ ಮುಂಚೆ ಅದನ್ನೊಮ್ಮೆ ತೆರೆದು ನೋಡಿದರೆ ಸಾಕು, ಹೊಸ ಕಾನೂನೇನೂ ಬೇಡ.

“ಎಲ್ಲರಿಗೂ ಫೀಸು ಏರಿಸಿ, ಓದಿ ದುಡಿದ ಮೇಲೆ ವಾಪಸ್ ಕೊಡಲಿ” ಅನ್ನುವವರೂ ಇದ್ದಾರೆ. ಆಸ್ಟ್ರೇಲಿಯಾ 1989ರಿಂದ ಹಾಗೇ ಮಾಡುತ್ತಿದೆ: ಓದುವಾಗ ಕಟ್ಟಬೇಕಿಲ್ಲ, ದುಡಿಮೆ ಒಂದು ಮಟ್ಟ ದಾಟಿದ ಮೇಲೆ ತೆರಿಗೆಯ ಜೊತೆಗೇ ವಸೂಲಿ. ಅಲ್ಲಿ ದುಡಿಯುವವರೆಲ್ಲ ಹೆಚ್ಚುಕಡಿಮೆ ತೆರಿಗೆ ಇಲಾಖೆಯ ಲೆಕ್ಕದಲ್ಲಿರುತ್ತಾರೆ. ನಮ್ಮಲ್ಲಿ 2025ರ ಬಜೆಟ್ ಆದ ಮೇಲೆ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆಯೇ ಬೀಳುವುದಿಲ್ಲ. ಬಿಎ ಮುಗಿಸಿ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿರುವ ಹುಡುಗಿಯಿಂದ ಯಾರು, ಹೇಗೆ ವಸೂಲು ಮಾಡುತ್ತಾರೆ? ಸರ್ಕಾರಕ್ಕೆ ನಿಜಕ್ಕೂ ದುಬಾರಿ ಬೀಳುವುದು ಎಂಬಿಬಿಎಸ್‌ನಂಥ ಸೀಟು. ಅದಕ್ಕೆ ಕರ್ನಾಟಕ 2012ರಲ್ಲೇ ಒಂದು ವರ್ಷದ ಕಡ್ಡಾಯ ಸೇವೆಯ ಕಾನೂನು ಮಾಡಿತ್ತು. ದುಡ್ಡಿಗಿಂತ ಆ ವಸೂಲಿಯೇ ನನಗೆ ಒಪ್ಪಿಗೆ, ಸರಿಯಾಗಿ ನಡೆಸಿದರೆ.

ಬಿಎ, ಬಿಕಾಂ ಫೀಸಿಗೆ ಮಾತ್ರ ಕೈ ಹಾಕುವುದು ಬೇಡ. ಅಲ್ಲಿ ಏರಿಸಿದರೆ ಸರ್ಕಾರಕ್ಕೆ ಬರುವುದು ಚಿಲ್ಲರೆ, ಕಾಲೇಜು ಬಿಡುವವರು ಮೊದಲು ಹಳ್ಳಿಯ ಹೆಣ್ಣುಮಕ್ಕಳು. ಆ ಡಿಗ್ರಿ ಸರ್ಕಾರಕ್ಕೆ ಅಗ್ಗವಾಗಿರುವುದು ನಿಮ್ಮ ತೆರಿಗೆಯಿಂದಷ್ಟೇ ಅಂದುಕೊಳ್ಳಬೇಡಿ. ರಾಜ್ಯದ ಪದವಿ ಕಾಲೇಜುಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರಿದ್ದಾರೆ. ಕಾಯಂ ಮೇಷ್ಟರ ಪಾಠವನ್ನೇ ಅವರ ಸಂಬಳದ ಒಂದು ಚೂರಿಗೆ ಮಾಡಿ, ರಜೆ ಬಂದಾಗ ಕೆಲಸವಿಲ್ಲದೆ ಮನೆಗೆ ಹೋಗುತ್ತಾರೆ. ಬೇರೆಯವರ ಮಕ್ಕಳ ಓದಿಗೆ ತಮ್ಮ ಜೇಬಿನಿಂದ ಕೊಡುತ್ತಿರುವವರು ಯಾರು ಅಂತ ಕೇಳಿದರೆ ನಾನು ಮೊದಲು ಅವರ ಹೆಸರು ಹೇಳುತ್ತೇನೆ.