ಅದೇ ಕಥೆಯನ್ನು ಮತ್ತೆ ಹೇಳಿಸಬೇಡಿ

ಗದಗ ಜಿಲ್ಲೆಯ ಒಂದು ಸ್ವಯಂಸೇವಾ ಸಂಸ್ಥೆಯಲ್ಲಿ ನಾನು ಆಪ್ತ ಸಮಾಲೋಚಕಿ. ಗಂಡನ ಕುಡಿತ, ಹೊಡೆತ, ಸಂಶಯ, ತವರಿಗೆ ಬಂದು ಕೂತ ಮಗಳು, ಬೇರೆ ಮನೆ ಮಾಡೋಣ ಅನ್ನುವ ಸೊಸೆ, ಇವೇ ನಮ್ಮ ದಿನದ ಕೆಲಸ. ನೊಂದ ಹೆಣ್ಣುಮಕ್ಕಳಿಗೆ ನೆರವಾಗುವ ಸರ್ಕಾರದ ಸಾಂತ್ವನ ಯೋಜನೆ ನಡೆಯುವುದು ನಮ್ಮಂಥ ಸಂಸ್ಥೆಗಳ ಮೂಲಕ. ಅನುದಾನ ಮಹಿಳಾ ಮತ್ತು ಮಕ್ಕಳ ಇಲಾಖೆಯದು, ಕೂತು ಕೇಳುವ ಕೆಲಸ ನಮ್ಮದು.

ಕಾನೂನಿನಲ್ಲೂ ನಮಗೆ ಜಾಗವಿದೆ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ 10ನೇ ಕಲಂ ಪ್ರಕಾರ ಸೇವಾದಾತರೆಂದು ನೋಂದಾಯಿಸಿಕೊಂಡ ಸಂಸ್ಥೆ, ನೊಂದವಳು ಬಯಸಿದರೆ, ಘಟನೆಯ ವರದಿ ಬರೆದು ಮ್ಯಾಜಿಸ್ಟ್ರೇಟರಿಗೂ ಸಂರಕ್ಷಣಾಧಿಕಾರಿಗೂ ಕಳಿಸಬಹುದು. ನಮ್ಮ ರಾಜ್ಯದಲ್ಲಿ ಸಿಡಿಪಿಓ, ಅಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಅವರೇ ಸಂರಕ್ಷಣಾಧಿಕಾರಿ. ಅಂಗನವಾಡಿಗಳ ಉಸ್ತುವಾರಿಯೂ ಅವರದೇ. ಒಂದು ಮನೆಯ ಜಗಳಕ್ಕೆ ಅರ್ಧ ದಿನ ಕೂರಲು ಅವರಿಗೆಲ್ಲಿಯ ಪುರುಸೊತ್ತು? ಸರ್ಕಾರ ನಮ್ಮನ್ನು ನೆಚ್ಚಿಕೊಂಡಿರುವುದರಲ್ಲಿ ತಪ್ಪೇನಿಲ್ಲ.

ತೊಡಕಿರುವುದು ಬೇರೆ ಕಡೆ. ಆದೇಶ ಬರುವುದು ಸಂಸ್ಥೆಯ ಹೆಸರಿಗೆ, ಬಾಗಿಲಿಗೆ ಬಂದವಳು ಕೇಳುವುದು, "ಆ ಅಕ್ಕಾರು ಅದಾರೇನ್ರಿ?" ಅಂತ. ಅನುದಾನ ತಡವಾದರೆ ಗೌರವಧನ ನಿಲ್ಲುತ್ತದೆ, ಅಕ್ಕಾರು ಬೇರೆ ಕೆಲಸ ಹುಡುಕಿಕೊಳ್ಳುತ್ತಾರೆ. ನನ್ನ ಸಹೋದ್ಯೋಗಿಯೊಬ್ಬರು ಹಾಗೆ ಬಿಟ್ಟು ಹೋದ ಮೇಲೆ ಮುಂಡರಗಿ ಕಡೆಯ ಒಬ್ಬ ಹೆಣ್ಣುಮಗಳು ಬಂದಿದ್ದಳು. "ಅವ್ರಿಲ್ಲಂದ್ರ ಬ್ಯಾಡ ಬಿಡ್ರಿ. ಮತ್ತ ಮೊದಲಿಂದ ಹೇಳೂದು ನನ್ನ ಕೈಲೆ ಆಗಂಗಿಲ್ಲ" ಅಂದು ಬಸ್‌ಸ್ಟ್ಯಾಂಡಿಗೆ ನಡೆದಳು.

ಅಲ್ಲಿಂದ ನಾವು ಕೆಲಸದ ರೀತಿ ಬದಲಿಸಿದೆವು. ಮೊದಲ ಭೇಟಿಯಲ್ಲೇ, ಅವಳ ಒಪ್ಪಿಗೆ ಪಡೆದು, ಇಬ್ಬರು ಕೂರುತ್ತೇವೆ. ಅವಳ ಮಾತಿನಲ್ಲೇ ಬರೆದು ಓದಿ ಹೇಳುತ್ತೇವೆ, ಅವಳು ತಿದ್ದಿಸುತ್ತಾಳೆ. ಕಡತದ ಮೊದಲ ಹಾಳೆ ಅವಳನ್ನು ಹೇಗೆ ಮುಟ್ಟಬೇಕು ಅನ್ನುವುದಕ್ಕೆ ಮೀಸಲು: ಮನೆಯ ಫೋನು ಅತ್ತೆಯ ಕೈಯಲ್ಲಿ, ಮಾಡಬೇಡಿ, ಹೊಲಕ್ಕೆ ಹೋದ ಮೇಲೆ ನೆಗೆಣ್ಣಿಯ ನಂಬರಿಗೆ ಮಾಡಿ, ಸಂಘದ ವಾರದ ಸಭೆಗೆ ತಪ್ಪದೆ ಬರುತ್ತಾಳೆ, ಅಲ್ಲಿ ಸಿಗುತ್ತಾಳೆ. ಹೊಸಬರು ಬಂದರೆ ಇದನ್ನು ಓದದೆ ಅವಳೆದುರು ಕೂರುವಂತಿಲ್ಲ.

ಕೋರ್ಟಿನಿಂದ ಬಂದ ಪ್ರಕರಣಗಳಲ್ಲಿ ಇದು ಇನ್ನೂ ಮುಖ್ಯ. ಅದೇ ಕಾಯ್ದೆಯ 14ನೇ ಕಲಮಿನಡಿ ಸಮಾಲೋಚನೆಗೆ ಕಳಿಸಿದರೆ ಮುಂದಿನ ವಿಚಾರಣೆ ಎರಡು ತಿಂಗಳೊಳಗೆ. ನಡುವೆ ಸಮಾಲೋಚಕರು ಬದಲಾದರೆ ಆ ಅವಧಿ ಪರಿಚಯಕ್ಕೇ ಹೋಗುತ್ತದೆ. ಕಾಯ್ದೆಯಡಿ ಬಂದ 2006ರ ನಿಯಮಗಳ ಪ್ರಕಾರ ಗಂಡ ಹೊಡೆದದ್ದಕ್ಕೆ ಕಾರಣ ಕೊಟ್ಟು ಸಮರ್ಥಿಸಿಕೊಳ್ಳುವಂತಿಲ್ಲ, ಇನ್ನು ಹಿಂಸೆ ಮಾಡುವುದಿಲ್ಲವೆಂದು ಮುಚ್ಚಳಿಕೆ ಕೊಡಬೇಕು. ಊರ ಹಿರಿಯರ ಪಂಚಾಯ್ತಿಗೂ ನಮ್ಮ ಕೆಲಸಕ್ಕೂ ಇರುವ ವ್ಯತ್ಯಾಸ ಇದೇ ಎಂದು ನನ್ನ ಅಭಿಪ್ರಾಯ. ಅಲ್ಲಿ "ನೀ ಎದುರ ಮಾತಾಡಿದ್ದಕ್ಕ ಹೊಡದಾನ" ಅನ್ನುವುದೂ ವಾದವಾಗುತ್ತದೆ.

2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಬಸ್ಸು ಪುಕ್ಕಟೆ ಆದದ್ದು ದೊಡ್ಡ ಅನುಕೂಲ. ಚಾರ್ಜಿಗೆ ಗಂಡನ ಮುಂದೆ ಕೈಚಾಚದೆ ಬರುತ್ತಾರೆ. ಇನ್ನು ಬೇಕಿರುವುದು ಬಂದವರನ್ನು ಕೇಳುವ ಮನುಷ್ಯರು ಅಲ್ಲೇ ಉಳಿಯುವುದು. ರಾಜಿಯಾದ ಮನೆಗೆ ತಿಂಗಳಾದ ಮೇಲೆ ಹೋಗಿ ನೋಡುವುದೂ ಸೇವೆಯೇ, ಅದಕ್ಕೂ ದಿನಗೂಲಿ ಬೇಕು. ಈ ಸಲದ ಕ್ರಿಯಾಯೋಜನೆಯಲ್ಲಿ ಜೊತೆಗೆ ಕೂರುವ ಎರಡನೆಯ ಸಮಾಲೋಚಕರ ಗೌರವಧನವನ್ನೂ ಊರುಭೇಟಿಯ ದಿನಗಳನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆದು ಇಲಾಖೆಗೆ ಕಳಿಸಿದ್ದೇವೆ. ಹಾವೇರಿ, ಧಾರವಾಡ ಕಡೆ ಇಂಥ ಕೇಂದ್ರ ನಡೆಸುವವರೂ ಹಾಗೇ ಬರೆದು ಕೇಳಿ. ನಾವೊಬ್ಬರೇ ಕೇಳಿದರೆ ಆ ಸಾಲುಗಳನ್ನು ಹೊಡೆದುಹಾಕುವುದು ಸುಲಭ.