ಹೆಸರಿನ ಮೇಲೆ ಬಿದ್ದ ನೆರಳು

ಹಾಸನದ ಸಮೀಪದ ಯುದ್ಧ ಸ್ಮಾರಕ ಉದ್ಯಾನವೊಂದಕ್ಕೆ ಬೆಳಕಿನ ವಿನ್ಯಾಸ ಮಾಡಿಕೊಟ್ಟಾಗ ನಾನು ಮಾಡಿದ ತಪ್ಪು ನಕ್ಷೆಯಲ್ಲಿ ಕಾಣುವಂಥದ್ದಾಗಿರಲಿಲ್ಲ. ಹುತಾತ್ಮರ ಹೆಸರುಗಳನ್ನು ಕೆತ್ತಿದ ಕಪ್ಪು ಗ್ರಾನೈಟ್ ಗೋಡೆಗೆ ಎದುರಿನ ಗಿಡ್ಡ ಕಂಬಗಳಿಂದ ಫ್ಲಡ್‌ಲೈಟ್ ಹಾಕಿಸಿದ್ದೆ. ಲಕ್ಸ್ ಲೆಕ್ಕ, ಅಂದರೆ ಮೇಲ್ಮೈ ಮೇಲೆ ಬೀಳುವ ಬೆಳಕಿನ ಅಳತೆ, ಗೋಡೆಯುದ್ದಕ್ಕೂ ಸಮನಾಗಿ ಬಂದಿತ್ತು. ಪರೀಕ್ಷೆಗೆಂದು ದೀಪ ಹಾಕಿದ ಸಂಜೆ ಮಗನ ಹೆಸರು ನೋಡಲು ಬಂದ ತಾಯಿಯೊಬ್ಬರು ಗೋಡೆಯ ಬಳಿ ಹೋದಂತೆಲ್ಲ ಅವರ ನೆರಳು ಆ ಹೆಸರನ್ನೇ ಮುಚ್ಚಿತು. ಪಕ್ಕಕ್ಕೆ ಸರಿದರೆ, ಕನ್ನಡಿಯಂತೆ ಪಾಲಿಶ್ ಮಾಡಿದ ಕಲ್ಲಿನಲ್ಲಿ ದೀಪದ ಬಿಂಬ ಕಣ್ಣಿಗೆ ರಾಚುತ್ತಿತ್ತು. "ನನ್ನ ನೆರಳೇ ಅಡ್ಡ ಬರ್ತದಲ್ಲಪ್ಪ" ಎಂದ ಅವರು ಕೊನೆಗೆ ಅಕ್ಷರಗಳನ್ನು ಬೆರಳಿನಿಂದ ತಡವಿ ಓದಿದರು.

ಬೇಲೂರು, ಹಳೇಬೀಡು ಸೀಮೆಯ ವೀರಗಲ್ಲುಗಳನ್ನು ನೋಡುತ್ತ ಬೆಳೆದವನಿಗೆ ಇದು ಮೊದಲೇ ಹೊಳೆಯಬೇಕಿತ್ತು. ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗವಿರುವ ಆ ಕಲ್ಲುಗಳು ಬಿಸಿಲು ನೇರ ಮುಖಕ್ಕೆ ಬಿದ್ದಾಗ ಸವೆದುಹೋದಂತೆಯೂ ಬಿಸಿಲು ಓರೆಯಾಗಿ ಜಾರಿದಾಗ ಎದ್ದು ಬಂದಂತೆಯೂ ಕಾಣುತ್ತವೆ. ಶಾಸನ ಓದುವವರು ಟಾರ್ಚನ್ನು ಪಕ್ಕದಿಂದ ಹಿಡಿಯುವುದೂ ಇದಕ್ಕಾಗಿಯೇ.

ಹಾಗಾಗಿ ಗೋಡೆಯ ತಲೆಯ ಮೇಲೆ ಚಾಚಿದ ಕಲ್ಲಿನಂಚಿನ ಅಡಿಯಲ್ಲಿ, ಕಲ್ಲಿನ ಮುಖದಿಂದ ಸುಮಾರು 15 ಸೆಂ.ಮೀ. ಅಂತರದಲ್ಲಿ, 3000 ಕೆಲ್ವಿನ್‌ನ, ಅಂದರೆ ತುಸು ಹಳದಿ ಛಾಯೆಯ ಬೆಳಕಿನ, ಎಲ್‌ಇಡಿ ಪಟ್ಟಿ ಕೂರಿಸಿದೆವು. ಬೆಳಕು ಮೇಲಿನಿಂದ ಕಲ್ಲನ್ನು ಸವರುತ್ತ ಇಳಿದಾಗ ನುಣುಪಾದ ಭಾಗದಿಂದ ಪ್ರತಿಫಲಿಸಿದ್ದು ನೆಲಕ್ಕೆ ಹೋಗುತ್ತದೆ, ಕಣ್ಣಿಗಲ್ಲ. ಕೊರೆದ ಅಕ್ಷರದ ಒರಟು ಅಂಚು ಮಾತ್ರ ಬೆಳಗುತ್ತದೆ. ಓದುವವರ ಬೆನ್ನ ಹಿಂದೆ ದೀಪವಿಲ್ಲವಾದ್ದರಿಂದ ನೆರಳಿನ ತಕರಾರೂ ಇಲ್ಲ.

ನೆಲದಲ್ಲಿ ಹೂತ ದೀಪಗಳು ಅಗ್ಗವೆಂದು ಗುತ್ತಿಗೆದಾರರು ಪಟ್ಟು ಹಿಡಿದಿದ್ದರು. ಒಂದು ಚಪ್ಪಡಿಯ ಮೇಲೆ ಅದನ್ನೂ ಪ್ರಯತ್ನಿಸಿದೆವು. ಬೆಳಕು ಮೇಲಿನಿಂದಲೇ ಬರುತ್ತದೆಂದು ನಮ್ಮ ಕಣ್ಣು ನಂಬಿರುವುದರಿಂದ, ಕೆಳಗಿನಿಂದ ಬೆಳಗಿದ ಕೆತ್ತನೆ ತಗ್ಗಾಗಿ ಕಾಣದೆ ಉಬ್ಬಿದಂತೆ ಕಂಡಿತು. ಮಲೆನಾಡಿನ ಅಂಚಿನ ಮಳೆಯ ಮಾತು ಬೇರೆ: ದೀಪದೊಳಗೆ ಧೂಳು, ನೀರು ನುಗ್ಗದೆಂದು ಸೂಚಿಸುವ ಐಪಿ 67 ಎಂಬ ಗುರುತು ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಾಳಿದ್ದಕ್ಕೆ ಸಾಕ್ಷಿ, ಇಡೀ ಮುಂಗಾರು ಕೆಸರಿನಲ್ಲಿ ಕೂರುವುದಕ್ಕಲ್ಲ.

ಹೆಚ್ಚು ವಾದ ನಡೆದದ್ದು ಕತ್ತಲೆಯ ಬಗ್ಗೆ. ಸಣ್ಣ ಬೆಳಕಿನಲ್ಲಿ ಹೆಸರುಗಳು ಕಾಣಬೇಕಾದರೆ ಸುತ್ತಲೂ ಮಬ್ಬಿರಬೇಕು. ದಾರಿಯ ಎತ್ತರದ ದೀಪಗಳನ್ನು ಮೊಣಕಾಲೆತ್ತರಕ್ಕೆ ಇಳಿಸಿದಾಗ, ಉದ್ಘಾಟನೆಯ ದಿನ ಶೋಭೆ ಇರುವುದಿಲ್ಲ ಎಂಬ ಆಕ್ಷೇಪ ಬಂತು. 2022ರ ಜುಲೈನಲ್ಲಿ ಧ್ವಜ ಸಂಹಿತೆಗೆ ತಿದ್ದುಪಡಿಯಾದ ಮೇಲೆ ರಾತ್ರಿಯೂ ರಾಷ್ಟ್ರಧ್ವಜ ಹಾರಿಸಬಹುದಾದ್ದರಿಂದ, ಶೋಭೆಯ ಪಾಲನ್ನೆಲ್ಲ ಧ್ವಜಕ್ಕೇ ಬಿಟ್ಟು ಕಿರಿದಾದ ಕಿರಣದ ದೀಪಗಳನ್ನಿಟ್ಟೆವು. ಮಂಜು ಕವಿದ ರಾತ್ರಿ ಆ ಕಿರಣಗಳೇ ಬಿಳಿ ಕಂಬಗಳಂತೆ ನಿಲ್ಲುತ್ತವೆ. ಅದನ್ನು ನಾನು ಮೊದಲು ಯೋಚಿಸಿರಲಿಲ್ಲ, ಆದರೆ ಎಲ್ಲರೂ ಮೆಚ್ಚಿದ್ದು ಅದನ್ನೇ.

ಎದುರಿನ ಕಂಬಗಳನ್ನು ಕೀಳಿಸಿದ ಖರ್ಚನ್ನು ನನ್ನ ಶುಲ್ಕದಲ್ಲಿ ಹಿಡಿದುಕೊಂಡರು. ಅವುಗಳ ಕಾಂಕ್ರೀಟ್ ಬುಡಗಳ ಮೇಲೆ ಈಗ ಕಲ್ಲುಬೆಂಚುಗಳಿವೆ.